ಹಕ್ಕಿಯ ಪಾಲು: ದಫ್ತರದ ಬರಹವೂ ಜನರ ಬಾಯಿಮಾತೂ

ಹೋಳಿಯ ಹುಣ್ಣಿಮೆ ಕಳೆದು ಐದನೆಯ ದಿನ ಕಲಬುರಗಿಯಲ್ಲಿ ಶ್ರೀ ಶರಣಬಸವೇಶ್ವರರ ರಥೋತ್ಸವವು ನಡೆಯುವುದು. ಸುಗ್ಗಿಯ ಕೆಲಸವನ್ನು ಮುಗಿಸಿದ ಒಕ್ಕಲು ಮಕ್ಕಳು ವಿಜಯಪುರ, ಬೀದರ, ರಾಯಚೂರು ಸೀಮೆಗಳಿಂದಲೂ, ಗಡಿಯಾಚೆಯ ಸೊಲ್ಲಾಪುರದ ಕಡೆಯಿಂದಲೂ ಬಂದು ಗುಡಿಯ ಬಯಲಿನಲ್ಲಿ ನೆರೆಯುವರು. ಗುಡಿಯ ಪಕ್ಕದಲ್ಲಿಯೇ ಕೆರೆ. ಜನರು ಅದನ್ನು 'ಅಪ್ಪನ ಕೆರೆ' ಎಂದು ಕರೆಯುವರು. ತೇರು ಎಳೆಯುವ ಹೊತ್ತನ್ನು ಕಾಯುತ್ತ ಕುಳಿತ ಮುದುಕರು ಮೊಮ್ಮಕ್ಕಳಿಗೆ ಹೇಳುವ ಕಥೆಗಳಲ್ಲಿ ಒಂದು ಕಥೆಯಂತೂ ತಪ್ಪದೆ ಬರುವುದು. ಅದು ಹಕ್ಕಿಗಳ ಕಥೆ.

ಶರಣಬಸವರು ೧೭೪೬ರಲ್ಲಿ ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿದರು. ೧೮೨೨ರಲ್ಲಿ ಕಲಬುರಗಿಯಲ್ಲಿ ಲಿಂಗೈಕ್ಯರಾದರು. ಮಠಕ್ಕೆ ಬರುವ ಮೊದಲು ಅವರು ಹೊಲದಲ್ಲಿ ದುಡಿದ ಒಕ್ಕಲಿಗರು. ಜೋಳದ ತೆನೆ ಹಾಲುಗಟ್ಟಿದಾಗ ನೆರೆಹೊಲದವರು ಅಟ್ಟವನ್ನೇರಿ ಕವಣೆ ಬೀಸಿ ಹಕ್ಕಿಗಳನ್ನು ಓಡಿಸುತ್ತಿದ್ದರೆ, ಶರಣರು ತಮ್ಮ ಹೊಲಕ್ಕೆ ಬಂದ ಹಕ್ಕಿಗಳನ್ನು ತಿನ್ನಗೊಟ್ಟರಂತೆ. ಅಷ್ಟೇ ಅಲ್ಲ, ತಿಂದ ಹಕ್ಕಿಗೆ ನೀರಡಿಕೆಯಾಗುವುದೆಂದು ಹೊಲದಲ್ಲಿ ನೀರಿನ ಮಡಿಕೆಗಳನ್ನೂ ಇಡಿಸಿದರಂತೆ. ಸುಗ್ಗಿಯಲ್ಲಿ ಅಳೆದು ನೋಡಿದಾಗ ರಾಶಿಯು ಕಡಮೆಯಾಗಿರಲಿಲ್ಲ, ಉಳಿದವರ ರಾಶಿಗಿಂತ ಮಿಗಿಲಾಗಿಯೇ ಇದ್ದಿತೆಂದು ಕಥೆಯು ಮುಗಿಯುವುದು.

ಇತಿಹಾಸಕಾರನು ಇದನ್ನು ಕೇಳಿ ನಕ್ಕು ಸುಮ್ಮನಾಗಬಹುದು. ಯಾವ ದಫ್ತರದಲ್ಲಿಯೂ ಆ ರಾಶಿಯ ಅಳತೆ ಸಿಕ್ಕುವಂತಿಲ್ಲ. ಆದರೆ ರಾಶಿ ಹೆಚ್ಚಿತೋ ಇಲ್ಲವೋ ಎಂಬ ಪ್ರಶ್ನೆಯಿಂದ ದೊರೆಯುವ ಫಲ ಅಲ್ಪವೇ ಸರಿ. ಈ ಸೀಮೆಯ ಜನರು ಇನ್ನೂರು ವರ್ಷಗಳಿಂದ ಈ ಕಥೆಯನ್ನು ಏಕೆ ಬಿಡದೆ ಹೇಳಿಕೊಂಡು ಬಂದರೆಂಬುದೇ ವಿಚಾರಿಸತಕ್ಕ ಸಂಗತಿ. ಕಣದ ಪದ್ಧತಿಯನ್ನು ಬಲ್ಲವರಿಗೆ ಇದರ ಒಳಗುಟ್ಟು ಬೇಗನೆ ತಿಳಿಯುವುದು. ಹಿಂದೆ ಕಣದಲ್ಲಿ ರಾಶಿಯಾದೊಡನೆ ಧಾನ್ಯವು ನೆಟ್ಟಗೆ ಮನೆಗೆ ಹೋಗುತ್ತಿರಲಿಲ್ಲ. ಬಡಿಗ, ಕಮ್ಮಾರ, ಕುಂಬಾರ, ಅಗಸ, ತಳವಾರ ಮೊದಲಾದ ಆಯಗಾರರು ತಂತಮ್ಮ ಆಯವನ್ನು ಅಲ್ಲಿಯೇ ಪಡೆಯುತ್ತಿದ್ದರು. ಆಯವೆಂಬುದು ಭಿಕ್ಷೆಯಲ್ಲ, ದುಡಿದವನ ಹಕ್ಕು. ಶರಣರ ಕಥೆಯು ಹಕ್ಕಿಯನ್ನೂ ಈ ಆಯಗಾರರ ಸಾಲಿನಲ್ಲಿ ಕೂರಿಸಿರುವುದು. ಹಕ್ಕಿಗೆ ದಾನ ಮಾಡಿದರೆಂದು ಕಥೆ ಹೇಳುತ್ತಿಲ್ಲ. ಹೊಲದಲ್ಲಿ ಹಕ್ಕಿಗೆ ಪಾಲಿದೆಯೆಂದು ಹೇಳುತ್ತಿದೆ. ಈ ಎರಡರ ನಡುವಣ ಅಂತರವು ಸಣ್ಣದಲ್ಲ.

ಕಾಲವನ್ನೂ ನೆನೆಯಬೇಕು. ಶರಣರಿಗೆ ಸುಮಾರು ನಾಲ್ವತ್ತೈದು ವರ್ಷಗಳಾಗಿದ್ದಾಗ, ಎಂದರೆ ೧೭೯೧-೯೨ರ ಸುಮಾರಿಗೆ, ದಖ್ಖನಿನ ಮೇಲೆ ಭಯಂಕರವಾದ ಕ್ಷಾಮವೊಂದು ಬಿದ್ದಿತು. ಹೂಳುವವರಿಲ್ಲದೆ ಬಯಲಿನಲ್ಲಿ ಬಿದ್ದ ತಲೆಬುರುಡೆಗಳಿಂದ ಅದಕ್ಕೆ 'ಡೋಗಿ ಬರ'ವೆಂದು ಹೆಸರಾಯಿತು. ೧೮೭೬ರಿಂದ ೧೮೭೮ರವರೆಗಿನ ಬರವನ್ನು ಜನರು ಸಂವತ್ಸರಗಳ ಹೆಸರಿನಿಂದ 'ಧಾತು-ಈಶ್ವರ ಬರ'ವೆಂದು ಕರೆದರು. ೧೯೭೨ರ ಬರವು 'ಎಪ್ಪತ್ತೆರಡರ ಬರ'ವಾಯಿತು. ಸರಕಾರದ ಕಾಗದವು ಬರವನ್ನು ಮಳೆಯ ಅಂಗುಲಗಳಲ್ಲಿಯೂ ಮನ್ನಾ ಮಾಡಿದ ಕಂದಾಯದಲ್ಲಿಯೂ ಅಳೆಯಿತು. ಜನರು ಹೆಸರಿಟ್ಟು ನೆನಪಿನಲ್ಲಿಟ್ಟರು. ಹೆಸರಿಡುವುದೂ ಒಂದು ಬಗೆಯ ದಾಖಲೆಯೇ. ದಾಸೋಹವೂ, ಹಕ್ಕಿಗೆ ನೀರಿಡುವ ಕಥೆಯೂ ಮಳೆ ತಪ್ಪುವ ಈ ಕರಿಯ ನೆಲದಲ್ಲಿ ಬೇರೂರಿದುದು ಆಕಸ್ಮಿಕವೆಂದು ತೋರುವುದಿಲ್ಲ.

ಹೀಗೆ ಈ ನಾಡಿನಲ್ಲಿ ನೆಲ, ನೀರು, ಗಿಡಮರಗಳನ್ನು ಕಾದುಕೊಂಡ ವೃತ್ತಾಂತಕ್ಕೆ ಎರಡು ಭಂಡಾರಗಳುಂಟು. ಒಂದು ಬರಹದ್ದು, ಇನ್ನೊಂದು ಬಾಯಿಯದು. ಇವೆರಡೂ ಒಂದನ್ನೊಂದು ಕಂಡದ್ದು ಅಪರೂಪ. ಕಾಣದೆ ಹೋದಲ್ಲಿ ಜನರು ಸೋತರು, ಕಂಡಲ್ಲಿ ಗೆದ್ದರು. ಈ ಮಾತಿಗೆ ಆಧಾರವನ್ನು ಮೊದಲು ಕಲ್ಲಿನಲ್ಲಿ ಹುಡುಕಬೇಕು.

ಭೀಮಾತೀರದ ಸನ್ನತಿಯು ಕಲಬುರಗಿ ಜಿಲ್ಲೆಯದೇ. ೧೯೮೬ರಲ್ಲಿ ಅಲ್ಲಿಯ ಚಂದ್ರಲಾಂಬಾ ಗುಡಿಯ ಆವರಣದೊಳಗಿನ ಕಾಳಿಕಾ ಗುಡಿಯ ಮಾಳಿಗೆ ಕುಸಿದು ಮೂರ್ತಿಯು ಭಗ್ನವಾಯಿತು. ಅದನ್ನು ತೆಗೆದು ನೋಡಿದಾಗ ಪೀಠಕ್ಕೆ ಹಾಕಿದ್ದ ಕಲ್ಲು ಅಶೋಕ ಚಕ್ರವರ್ತಿಯ ಶಾಸನವೆಂದು ಗೊತ್ತಾಯಿತು! ಬ್ರಾಹ್ಮೀ ಲಿಪಿಯ ಆ ಬರಹವು ಎಷ್ಟೋ ತಲೆಮಾರುಗಳ ಪೂಜೆಯ ಅಡಿಯಲ್ಲಿ ಮೂಕವಾಗಿ ಬಿದ್ದಿತ್ತು. ದಾರಿಗಳಲ್ಲಿ ಮನುಷ್ಯರಿಗೂ ಪಶುಗಳಿಗೂ ಬಾವಿ ತೋಡಿಸಿ ಮರ ನೆಡಿಸಿದೆನೆಂದು ಆ ಅರಸನು ಹೇಳಿಕೊಂಡಿರುವುದು ಎರಡನೆಯ ಬಂಡೆಶಾಸನದಲ್ಲಿ. ಅದು ಸನ್ನತಿಯ ಕಲ್ಲಿನಲ್ಲಿಲ್ಲ. ಆದರೂ ಸನ್ನತಿಯ ಕಲ್ಲು ಒಂದು ಪಾಠವನ್ನು ಕಲಿಸುವುದು: ಓದುವವರು ಇಲ್ಲವಾದರೆ ಬರಹವೂ ಬರಿಯ ಕಲ್ಲೇ ಸರಿ.

ಕನ್ನಡ ನಾಡಿನ ಕೆರೆಗಳ ಶಾಸನಗಳಾದರೋ ಅಸಂಖ್ಯಾತವಾಗಿವೆ. ಐದನೆಯ ಶತಮಾನದ ತಾಳಗುಂದದ ಕಂಬಶಾಸನವು ಕದಂಬ ಕಾಕುಸ್ಥವರ್ಮನು ಅಲ್ಲಿಯ ಗುಡಿಗಾಗಿ ಕೆರೆಯನ್ನು ಕಟ್ಟಿಸಿದುದನ್ನು ಹೇಳುವುದು. ಮುಂದಿನ ಶತಮಾನಗಳ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಗೊಡಗೆ, ದಶವಂದ ಎಂಬ ಮಾತುಗಳು ಮೇಲಿಂದ ಮೇಲೆ ಬರುವುವು. ಕೆರೆಯನ್ನು ಕಟ್ಟಿದವನಿಗೂ, ಹೂಳೆತ್ತಿ ಏರಿಯನ್ನು ಕಾಯ್ದವನಿಗೂ ಕೊಟ್ಟ ಭೂಮಿ ಅಥವಾ ಉತ್ಪನ್ನದ ಭಾಗವೆಂದು ಇವುಗಳ ತಾತ್ಪರ್ಯ. ಕಟ್ಟಿಸುವುದು ಒಂದು ದಿನದ ಪುಣ್ಯ, ಕಾಪಾಡುವುದು ದಿನದಿನದ ದುಡಿತ. ದುಡಿತಕ್ಕೆ ಕೂಲಿ ಗೊತ್ತುಮಾಡದಿದ್ದರೆ ಕೆರೆ ಉಳಿಯದೆಂಬುದನ್ನು ಆ ಕಾಲದವರು ಚೆನ್ನಾಗಿ ಬಲ್ಲವರಾಗಿದ್ದರು. ಶಾಸನದ ಕೊನೆಗೆ ಬರುವ ಶಾಪವಂತೂ ಪ್ರಸಿದ್ಧವಾದುದು. ದತ್ತಿಯನ್ನು ಅಳಿದವನಿಗೆ ಕಾಶಿಯಲ್ಲಿ ಕವಿಲೆಗಳನ್ನು ಕೊಂದ ಪಾಪವು ತಟ್ಟುವುದೆಂದು ಕೆತ್ತುತ್ತಿದ್ದರು. ಚೌಕಿದಾರನಿಲ್ಲದ ಊರಿನಲ್ಲಿ ಶಾಪವೇ ಚೌಕಿದಾರ.

ಆದರೆ ಈ ಶಾಸನಗಳೂ ಒಂದು ವಿಷಯದಲ್ಲಿ ಮೌನವಾಗಿವೆ. ಕೆರೆಯನ್ನು ಯಾರು ಕಟ್ಟಿಸಿದರೆಂದು ಹೇಳುವುವಲ್ಲದೆ ಯಾರು ಮಣ್ಣು ಹೊತ್ತರೆಂದಾಗಲಿ, ಆ ಕೆರೆಯ ನೀರನ್ನು ಮುಟ್ಟುವ ಅಧಿಕಾರ ಯಾರಿಗಿರಲಿಲ್ಲವೆಂದಾಗಲಿ ಹೇಳುವುದಿಲ್ಲ. ೧೯೨೭ರ ಮಾರ್ಚಿ ೨೦ರಂದು ಡಾ|| ಅಂಬೇಡಕರರು ಕೊಂಕಣದ ಮಹಾಡಿನಲ್ಲಿ ಸಾವಿರಾರು ಜನರೊಡನೆ ಚವದಾರ ಕೆರೆಗೆ ಇಳಿದು ನೀರು ಕುಡಿದಾಗ ಈ ಮೌನವು ಒಡೆಯಿತು. ಕೆರೆಯನ್ನು ಕಾಪಾಡುವ ಮಾತನ್ನಾಡುವವರು ಆ ದಿನವನ್ನು ಮರೆಯಲಾಗದು. ಜನರ ಹಾಡಾದರೋ ಈ ವಿಷಯದಲ್ಲಿ ಶಾಸನಕ್ಕಿಂತ ಧೈರ್ಯಶಾಲಿಯಾಗಿದೆ. 'ಕೆರೆಗೆ ಹಾರ'ವೆಂಬ ಕಥನಗೀತವು ನೀರು ಬಾರದ ಕೆರೆಗೆ ಗೌಡನ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಗೊಟ್ಟ ವೃತ್ತಾಂತವನ್ನು ಮುಚ್ಚುಮರೆಯಿಲ್ಲದೆ ಹೇಳುವುದು. ಊರಿನ ಹಿತಕ್ಕೆ ಬೆಲೆ ತೆತ್ತವರಾರೆಂಬುದು ಹಾಡಿನಲ್ಲಿ ಉಳಿಯಿತು, ಕಲ್ಲಿನಲ್ಲಿ ಉಳಿಯಲಿಲ್ಲ. ಇಂತಹ ಹಾಡುಗಳು ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರ ನಾಲಗೆಯ ಮೇಲೆಯೇ ಇದ್ದುವು. ನೆರೆಯ ವಿಜಯಪುರ ಸೀಮೆಯ ಹಲಸಂಗಿಯ ಗೆಳೆಯರು ಅಂತಹ ಹೆಂಗಸರಿಂದ ಕೇಳಿ ಬರೆದುಕೊಂಡು ೧೯೩೧ರಲ್ಲಿ 'ಗರತಿಯ ಹಾಡು' ಎಂಬ ಸಂಗ್ರಹವನ್ನು ಪ್ರಕಟಿಸಿದುದು ಕನ್ನಡಿಗರಿಗೆಲ್ಲ ತಿಳಿದಿರುವುದಷ್ಟೆ. ಬೀಸುವ ಕಲ್ಲು ಮೂಲೆ ಸೇರುವ ಮೊದಲೇ ಆ ಕೆಲಸವು ನಡೆದುದು ನಾಡಿನ ಪುಣ್ಯ.

ಕಲ್ಲಿನ ಕಾಲ ಕಳೆದು ಕಾಗದದ ಕಾಲ ಬಂದಾಗ ಕಲಬುರಗಿ ಸೀಮೆಗೆ ಒಂದು ವಿಶೇಷವಾದ ತೊಡಕು ಒದಗಿತು. ಅದು ೧೯೪೮ರ ಸೆಪ್ಟೆಂಬರಿನವರೆಗೆ ನಿಜಾಮರ ರಾಜ್ಯದಲ್ಲಿದ್ದಿತು. ಆ ರಾಜ್ಯದ ದಫ್ತರಗಳ ಭಾಷೆ ಮೊದಲು ಫಾರಸಿ, ೧೮೮೪ರಿಂದೀಚೆಗೆ ಉರ್ದು. ಹೊಲದಲ್ಲಿ ಆಡುವ ಮಾತು ಕನ್ನಡ, ಹೊಲದ ಮೇಲೆ ಬರೆಯುವ ಮಾತು ಇನ್ನೊಂದು. ಪಹಣಿ, ಇನಾಮು, ಖಾರೀಜ್ ಖಾತಾ ಮುಂತಾದ ಶಬ್ದಗಳು ಇಂದಿಗೂ ಈ ಕಡೆಯ ರೈತನ ಬಾಯಲ್ಲಿ ಆಡುತ್ತಿರುವುದು ಆ ಕಾಲದ ಗುರುತೇ. ಊರ ದನಗಳು ಮೇಯುವ ಬಯಲು 'ಗಾಯರಾಣ'ವಾಯಿತು. ಯಾರ ಖಾತೆಯಲ್ಲಿಯೂ ಇಲ್ಲದ ನೆಲವು 'ಖಾರೀಜ್ ಖಾತಾ' ಆಯಿತು. ಇಲ್ಲಿ ಭಾಷೆಯದು ತಪ್ಪಲ್ಲ. ಎಷ್ಟೋ ಉರ್ದು ಗುಮಾಸ್ತರು ಬಹಳ ನೀಟಾಗಿ ಲೆಕ್ಕವಿಟ್ಟವರು. ತಪ್ಪು ಇದ್ದುದು ಕಾಗದದ ಅಂಕಣಗಳಲ್ಲಿ. ಒಡೆಯನಾರು, ಕಂದಾಯವೆಷ್ಟು ಎಂಬೆರಡಕ್ಕೆ ಅಂಕಣವಿತ್ತು. ಆ ಬಯಲಿನಲ್ಲಿ ಯಾರ ದನ ಮೇಯುವುದು, ಯಾವ ಹೆಂಗಸು ಕಟ್ಟಿಗೆ ಆಯುವಳು, ಕುಂಬಾರನು ಎಲ್ಲಿ ಮಣ್ಣು ತೆಗೆಯುವನು, ಯಾವ ಗಿಡದ ತೊಗಟೆ ಯಾವ ಬೇನೆಗೆ ಬೀಳುವುದು ಎಂಬುದಕ್ಕೆ ಅಂಕಣವಿರಲಿಲ್ಲ. ಅಂಕಣವಿಲ್ಲದ್ದು ಕಾಲಕ್ರಮದಲ್ಲಿ ಹಕ್ಕೂ ಅಲ್ಲವೆಂದು ಎಣಿಸಲ್ಪಟ್ಟಿತು. ಬೇರೆ ಸರಕಾರಗಳ ಆಳಿಕೆಯಲ್ಲಿದ್ದ ಕನ್ನಡ ಪ್ರದೇಶಗಳಲ್ಲಿಯೂ ಹೆಸರುಗಳು ಬೇರೆಯಾಗಿದ್ದುವೇ ಹೊರತು ಕಥೆ ಬೇರೆಯಾಗಿರಲಿಲ್ಲ.

ಬೀದರದ ನೀರುಸುರಂಗಗಳನ್ನು ಇಲ್ಲಿ ನೆನೆಯಬಹುದು. ಬಹಮನಿಯವರ ಕಾಲದಲ್ಲಿ ಇರಾಣದ ಮಾದರಿಯಲ್ಲಿ ಕೆಂಪುಕಲ್ಲಿನೊಳಗೆ ಕೊರೆದ ಈ ಕಾರೇಜುಗಳು ನೆಲದಡಿಯಲ್ಲಿ ನೀರನ್ನು ಹರಿಸಿ ಊರಿಗೆ ತರುತ್ತಿದ್ದುವು. ಕಾಲಾಂತರದಲ್ಲಿ ಅವುಗಳ ಗಾಳಿಕಿಂಡಿಗಳು ಬತ್ತಿದ ಬಾವಿಗಳೆಂದು ಎಣಿಸಲ್ಪಟ್ಟು ಕಸದಿಂದ ತುಂಬಿಹೋದುವು. ಇಪ್ಪತ್ತೊಂದನೆಯ ಶತಮಾನದ ಎರಡನೆಯ ದಶಕದಲ್ಲಿ ಸಂಶೋಧಕರು ಅವುಗಳ ಸಾಲನ್ನು ಗುರುತಿಸಿ ನಕಾಶೆ ಮಾಡಿದ ಮೇಲೆ ನೌಬಾದಿನ ಕಾರೇಜಿನ ಹೂಳನ್ನು ತೆಗೆಸಲಾಯಿತು. ದಫ್ತರವು ಮರೆತು ನೆನಪೂ ಮಸುಳಿದರೆ ಇಡಿಯ ನದಿಯೊಂದೇ ಕಾಲಡಿಯಲ್ಲಿ ಕಾಣೆಯಾಗಬಲ್ಲುದು.

ಕಾಗದಕ್ಕೂ ನೆನಪಿಗೂ ಎದುರೆದುರಾಗಿ ಸಂಘರ್ಷವು ನಡೆದುದು ಕರ್ನಾಟಕದ ಪಶ್ಚಿಮ ಭಾಗದಲ್ಲಿ. ಅದನ್ನು ಹೇಳದೆ ಕಲಬುರಗಿಯ ಮಾತೂ ಪೂರ್ತಿಯಾಗದು. ಏಕೆಂದರೆ ಮುಂದೆ ರಾಜ್ಯಕ್ಕೆಲ್ಲ ದಾರಿಯನ್ನು ತೋರಿದವು ಆ ಪ್ರಸಂಗಗಳೇ. ೧೯೮೩ರಲ್ಲಿ ಹಿಮಾಲಯದ ಚಿಪ್ಕೋ ಆಂದೋಲನದ ಸುಂದರಲಾಲ ಬಹುಗುಣರು ಶಿರಸಿಯ ಕಡೆಗೆ ಬಂದು ಹೋದರು. ಅದೇ ವರ್ಷ ಸೆಪ್ಟೆಂಬರ ೮ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಸುತ್ತಣ ಜನರು ಕಳಸೆಯ ಕಾಡಿಗೆ ನಡೆದು ಕೊಡಲಿಗೆ ಗುರಿಯಾಗಿದ್ದ ಮರಗಳನ್ನು ಅಪ್ಪಿಕೊಂಡರು. ಅರಣ್ಯ ಇಲಾಖೆಯ ಕಾಗದದಲ್ಲಿ ಕಡಿತಕ್ಕೆ ಅನುಮತಿಯಿತ್ತು. ಗುರುತು ಹಾಕಿದ ಮರಗಳ ಲೆಕ್ಕವೂ ಇತ್ತು. ಆದರೆ ಒಂದು ಮರ ಬಿದ್ದಾಗ ಅದರಡಿಯಲ್ಲಿ ಜಜ್ಜಿಹೋಗುವ ಗಿಡಗಳ ಲೆಕ್ಕವಾಗಲಿ, ಕಾಡು ಬಯಲಾದ ಮೇಲೆ ಬತ್ತಿದ ಒರತೆಗಳ ಲೆಕ್ಕವಾಗಲಿ ಅದರಲ್ಲಿ ಇರಲಿಲ್ಲ. ಅಡಕೆಯ ತೋಟಕ್ಕೆ ಸೊಪ್ಪು ತರುವ ಜನರು ಆ ಲೆಕ್ಕವನ್ನು ಬಾಯಲ್ಲಿಟ್ಟುಕೊಂಡಿದ್ದರು. ಪಾಂಡುರಂಗ ಹೆಗಡೆಯವರು ಮುಂದಾಳಾಗಿದ್ದ ಈ 'ಅಪ್ಪಿಕೊ' ಚಳವಳಿಯು ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತುಗಳಲ್ಲಿ ತನ್ನ ತತ್ವವನ್ನು ಅಡಗಿಸಿತು. ಮೂರನೆಯ ಮಾತನ್ನು ಗಮನಿಸಬೇಕು. ಕಾಡನ್ನು ಗಾಜಿನ ಪೆಟ್ಟಿಗೆಯಲ್ಲಿಡಬೇಕೆಂಬುದು ಆ ಜನರ ಇಚ್ಛೆಯಾಗಿರಲಿಲ್ಲ.

ಇದಕ್ಕಿಂತಲೂ ವಿಸ್ತಾರವಾಗಿ ಹೇಳತಕ್ಕುದು ಕುಸನೂರಿನ ವೃತ್ತಾಂತ. ೧೯೮೪ರ ನವೆಂಬರ ೧೪ರಂದು ಕರ್ನಾಟಕ ಸರಕಾರವು ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೊಡನೆ ಒಪ್ಪಂದ ಮಾಡಿಕೊಂಡು 'ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್' ಎಂಬ ಜಂಟಿ ಕಂಪನಿಯನ್ನು ಹುಟ್ಟಿಸಿತು. ಸರಕಾರದ ಪಾಲು ನೂರಕ್ಕೆ ೫೧, ಕಾರ್ಖಾನೆಯ ಪಾಲು ೪೯. ಕಾರ್ಖಾನೆಗೆ ಬೇಕಾದ ನೀಲಗಿರಿ ಮೊದಲಾದ ಮರಗಳನ್ನು ಬೆಳೆಸುವುದಕ್ಕಾಗಿ ಸುಮಾರು ೩೦,೦೦೦ ಹೆಕ್ಟೇರು, ಎಂದರೆ ೭೫,೦೦೦ ಎಕರೆಯಷ್ಟು ಊರೊಟ್ಟಿನ ಭೂಮಿಯನ್ನು ೪೦ ವರ್ಷಗಳ ಗುತ್ತಿಗೆಗೆ ಕೊಡುವುದೆಂದು ಗೊತ್ತಾಯಿತು. ಕಾಗದದ ದೃಷ್ಟಿಯಿಂದ ಇದರಲ್ಲಿ ಕುಂದೇನೂ ಕಾಣುವುದಿಲ್ಲ. ಭೂಮಿ ಸರಕಾರದ್ದು, ಅದು ಪಾಳು, ಪಾಳನ್ನು ಹಸುರು ಮಾಡುವುದು ಒಳ್ಳೆಯ ಕೆಲಸ. ಆದರೆ ಆ ಪಾಳಿನಲ್ಲಿ ಊರಿನ ದನಕುರಿಗಳು ಮೇಯುತ್ತಿದ್ದುವು. ಬಡವರು ಉರುವಲನ್ನೂ ಸೊಪ್ಪನ್ನೂ ತರುತ್ತಿದ್ದರು. ನೀಲಗಿರಿಯ ಎಲೆಯನ್ನು ದನ ಮುಟ್ಟದು. ಹಸುರೆಂಬ ಒಂದೇ ಮಾತಿನಡಿಯಲ್ಲಿ ಎರಡು ಬೇರೆ ಬೇರೆ ಅರ್ಥಗಳು ಅಡಗಿದ್ದುವು.

ಧಾರವಾಡದ 'ಸಮಾಜ ಪರಿವರ್ತನ ಸಮುದಾಯ'ವು ಎಸ್. ಆರ್. ಹಿರೇಮಠರ ಮುಂದಾಳುತನದಲ್ಲಿ ಈ ಮೊದಲೇ ತುಂಗಭದ್ರೆಯ ನೀರು ಕೆಡುವುದರ ವಿರುದ್ಧ ಹೋರಾಟಕ್ಕೆ ನಿಂತಿತ್ತು. ಅದೇ ಸಂಸ್ಥೆಯು ಊರೂರು ತಿರುಗಿ ಗುತ್ತಿಗೆಗೆ ಹೋದ ನೆಲದಲ್ಲಿ ಯಾರ ಯಾವ ಬಳಕೆಯಿತ್ತೆಂದು ಜನರನ್ನು ಕೇಳಿ ತಿಳಿದುಕೊಂಡಿತು. ಬಾಯಿಮಾತು ಬರಹದ ಅಂಗಿಯನ್ನು ತೊಟ್ಟು ನ್ಯಾಯಾಲಯದ ಮೆಟ್ಟಿಲನ್ನು ಹತ್ತಿತು. ಡಾ|| ಕೋಟ ಶಿವರಾಮ ಕಾರಂತರು ಮೊದಲನೆಯ ಅರ್ಜಿದಾರರಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ೧೯೮೭ರ ಮಾರ್ಚಿಯಲ್ಲಿ ಹೆಚ್ಚಿನ ಭೂಮಿಯನ್ನು ಕಂಪನಿಗೆ ವಹಿಸಿಕೊಡಬಾರದೆಂದು ತಡೆಯಾಜ್ಞೆ ಹೊರಟಿತು. ಅಷ್ಟಕ್ಕೆ ಜನರು ಸುಮ್ಮನಾಗಲಿಲ್ಲ. ಒಪ್ಪಂದಕ್ಕೆ ಸರಿಯಾಗಿ ಮೂರು ವರ್ಷಗಳು ತುಂಬಿದ ದಿನ, ೧೯೮೭ರ ನವೆಂಬರ ೧೪ರಂದು, ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಸುಮಾರು ಎರಡು ಸಾವಿರ ಜನರು ಡೊಳ್ಳು ಬಾರಿಸುತ್ತ ಮೆರವಣಿಗೆಯಲ್ಲಿ ನಡೆದು ನೆಡುತೋಪನ್ನು ಹೊಕ್ಕು ನೀಲಗಿರಿಯ ಸಸಿಗಳನ್ನು ಕಿತ್ತರು. ಕಿತ್ತದ್ದು ನೂರರಷ್ಟು ಸಸಿಗಳನ್ನು ಮಾತ್ರ; ತೋಪನ್ನು ಹಾಳುಮಾಡುವುದು ಅವರ ಉದ್ದೇಶವಾಗಿರಲಿಲ್ಲ. ಕಿತ್ತ ಜಾಗದಲ್ಲಿ ಹಣ್ಣು, ಮೇವು ಕೊಡುವ ಗಿಡಗಳನ್ನು ನೆಟ್ಟು ನೀರೆರೆದರು. 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹವೆಂದು ಇದಕ್ಕೆ ಹೆಸರಾಯಿತು. ಉತ್ತರ ಕರ್ನಾಟಕದಲ್ಲಿ ಸಸಿಯನ್ನು ನೆಡುವುದಕ್ಕೆ ಹಚ್ಚುವುದೆನ್ನುವರು. ಹೆಸರೇ ರೈತನ ನಾಲಗೆಯಿಂದ ಬಂದುದು. ಕೀಳುವುದರೊಡನೆ ಹಚ್ಚುವುದನ್ನು ಸೇರಿಸಿದುದರಲ್ಲಿಯೇ ಆ ಸತ್ಯಾಗ್ರಹದ ವಿವೇಕವೆಲ್ಲ ಅಡಗಿದೆ. ನೆಲವನ್ನು ಹೇಗೆ ಬಳಸಬೇಕೆಂಬುದು ತಮಗೆ ತಿಳಿದಿದೆಯೆಂದು ಜನರು ನೆಲದ ಮೇಲೆಯೇ ಬರೆದು ತೋರಿಸಿದಂತಾಯಿತು. ೧೯೯೧ರಲ್ಲಿ ಆ ಕಂಪನಿಯನ್ನು ಮುಚ್ಚಲಾಯಿತು.

ಕಾರಂತರಿಗೆ ಆಗ ಎಂಬತ್ತೈದು ವರ್ಷಗಳು. ಜ್ಞಾನಪೀಠದ ಗೌರವ ಬಂದು ಹತ್ತು ವರ್ಷಗಳಾಗಿದ್ದುವು. ಆ ವಯಸ್ಸಿನಲ್ಲಿ ಅವರು ಹುಲ್ಲುಗಾವಲಿನ ಮೊಕದ್ದಮೆಗೆ ಹೆಸರು ಕೊಟ್ಟರೆಂಬುದೂ, ಎರಡು ವರ್ಷಗಳ ಮೇಲೆ ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಲೋಕಸಭೆಯ ಚುನಾವಣೆಗೆ ನಿಂತರೆಂಬುದೂ ಸಾಹಿತಿಗಳು ಮೆಲುಕು ಹಾಕತಕ್ಕ ವಿಷಯ. ಚುನಾವಣೆಯಲ್ಲಿ ಅವರು ಸೋತುದು ನಿಜ.

ಬರಹಕ್ಕೂ ಬಾಯಿಮಾತಿಗೂ ಇರುವ ದೂರವು ಒಬ್ಬ ವ್ಯಕ್ತಿಯ ಬಾಳಿನಲ್ಲಿಯೇ ಕಾಣಸಿಕ್ಕುವ ಉದಾಹರಣೆಯೂ ಉಂಟು. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಹಾಲಕ್ಕಿ ಒಕ್ಕಲ ಸಮಾಜದವರು. ಶಾಲೆಯ ಮೆಟ್ಟಿಲನ್ನು ಹತ್ತಿದವರಲ್ಲ. ಅರಣ್ಯ ಇಲಾಖೆಯ ಸಸ್ಯಪಾಲನೆಯಲ್ಲಿ ದಶಕಗಳ ಕಾಲ ದಿನಗೂಲಿಯಾಗಿ ದುಡಿದರು. ಕಾಡಿನಲ್ಲಿ ತಾಯಿಮರ ಯಾವುದು, ಅದರ ಬೀಜವನ್ನು ಯಾವ ಹೊತ್ತಿನಲ್ಲಿ ಆರಿಸಬೇಕು, ಹೇಗೆ ಮೊಳೆಯಿಸಬೇಕು ಎಂಬುದನ್ನು ಅವರಂತೆ ಬಲ್ಲವರು ವಿರಳ. ಭಾರತ ಸರಕಾರವು ಅವರಿಗೆ ಪದ್ಮಶ್ರೀ ಗೌರವವನ್ನು ಕೊಟ್ಟಿತು. ೨೦೨೪ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಕೂಲಿಯ ಪಟ್ಟಿಯಲ್ಲಿ ಬರೆಯುವುದು ಹಾಜರಿಯ ಗೆರೆಯನ್ನು ಮಾತ್ರ. ಬೀಜದ ವಿದ್ಯೆಯನ್ನು ಬರೆಯುವ ಸ್ಥಳ ಅಲ್ಲಿರುವುದಿಲ್ಲ. ಅವರಿಂದ ಕಲಿತವರಲ್ಲಿ ಎಷ್ಟು ಉಳಿದಿದೆಯೋ ಅಷ್ಟೇ ಉಳಿಯಿತು.

ಇನ್ನು ಕಲಬುರಗಿಗೆ ಹಿಂದಿರುಗಬಹುದು. ಜಿಲ್ಲೆಯ ಈಶಾನ್ಯದ ಚಿಂಚೋಳಿಯ ಕಾಡನ್ನು ೨೦೧೧ರಲ್ಲಿ ವನ್ಯಜೀವಿಧಾಮವೆಂದು ಸಾರಲಾಯಿತು. ವಿಸ್ತೀರ್ಣ ಸುಮಾರು ೧೩೫ ಚದರ ಕಿಲೋಮೀಟರು. ಒಣನಾಡಿನಲ್ಲಿ ಹೀಗೆ ಕಾಡೊಂದು ಉಳಿದಿರುವುದೇ ಸೋಜಿಗ. ತೋಳ, ಕತ್ತೆಕಿರುಬ, ನರಿಗಳಿಗೆ ಅದು ಆಶ್ರಯ. ಆದರೆ ಆ ಕಾಡಿನಲ್ಲಿಯೂ ಅಂಚಿನಲ್ಲಿಯೂ ಲಂಬಾಣಿ ತಾಂಡಾಗಳಿವೆ. ಧಾಮದ ಗಡಿಯನ್ನು ಗೆರೆಯೆಳೆದು ತೋರುವ ಕಾಗದವು ಒಂದು ಕೈಯಲ್ಲಿದ್ದರೆ, ಅಜ್ಜಂದಿರ ಕಾಲದಿಂದ ಅಲ್ಲಿಯೇ ಇರುವೆವೆಂಬ ಮಾತು ಇನ್ನೊಂದು ಕೈಯಲ್ಲಿದೆ.

ಇಲ್ಲಿ ಒಂದು ಕಾನೂನಿನ ಪ್ರಸ್ತಾಪವು ಅವಶ್ಯವಾಗಿದೆ. ೨೦೦೬ರ ಅರಣ್ಯ ಹಕ್ಕು ಕಾಯಿದೆಯು ಅನುಸೂಚಿತ ಬುಡಕಟ್ಟಿನವರಲ್ಲದ ವನವಾಸಿಗಳು ಹಕ್ಕನ್ನು ಪಡೆಯಬೇಕಾದರೆ ೨೦೦೫ರ ಡಿಸೆಂಬರ ೧೩ಕ್ಕೆ ಹಿಂದೆ ಮೂರು ತಲೆಮಾರು, ಎಂದರೆ ೭೫ ವರ್ಷ, ಆ ಕಾಡನ್ನೇ ನಂಬಿ ಬಾಳಿದುದನ್ನು ತೋರಿಸಬೇಕೆನ್ನುವುದು. ಲಂಬಾಣಿಗಳು ಕರ್ನಾಟಕದಲ್ಲಿ ಅನುಸೂಚಿತ ಜಾತಿಯ ಪಟ್ಟಿಯಲ್ಲಿರುವುದರಿಂದ ಈ ನಿಯಮವು ಅವರಿಗೂ ಅನ್ವಯಿಸುವುದು. ಲೆಕ್ಕ ಹಾಕಿದರೆ ೧೯೩೦ಕ್ಕೆ ಹೋಗಿ ನಿಲ್ಲಬೇಕು. ಆಗ ಚಿಂಚೋಳಿಯು ನಿಜಾಮರ ಸೀಮೆ, ದಫ್ತರವು ಉರ್ದುವಿನದು, ತಾಂಡಾದವರ ಕೈಯಲ್ಲಿ ಯಾವ ಭಾಷೆಯ ಕಾಗದವೂ ಇದ್ದಿರುವ ಸಂಭವ ಕಡಮೆ. ಆದರೆ ೨೦೦೮ರ ನಿಯಮಗಳನ್ನು ರಚಿಸಿದವರು ಒಂದು ಬಾಗಿಲನ್ನು ತೆರೆದಿಟ್ಟರು. ಅರ್ಜಿದಾರರಲ್ಲದ ಹಿರಿಯರು ಹೇಳಿದ ಮಾತನ್ನು ಬರೆದುಕೊಂಡರೆ ಅದೂ ಸಾಕ್ಷ್ಯಗಳಲ್ಲೊಂದೆಂದು ಎಣಿಕೆಯಾಗುವುದು. ಬಾವಿ, ಮಸಣ, ಪೂಜಾಸ್ಥಾನಗಳ ಕುರುಹುಗಳೂ ಸಾಕ್ಷ್ಯವಾಗಬಲ್ಲವು. ಮುದುಕಿಯೊಬ್ಬಳ ನೆನಪು ಮೊದಲ ಬಾರಿಗೆ ಮೋಹರು ಬಿದ್ದ ಕಾಗದದ ಪಕ್ಕದಲ್ಲಿ ಕುಳಿತುಕೊಳ್ಳುವ ಅಧಿಕಾರವನ್ನು ಪಡೆಯಿತು. ಹೇಳುವವರು ಬದುಕಿರುವಾಗಲೇ ಬರೆದುಕೊಳ್ಳಬೇಕೆಂಬುದೊಂದೇ ಇದಕ್ಕಿರುವ ಕಟ್ಟು. ೧೯೩೦ರಲ್ಲಿ ಕಣ್ಣುಬಿಟ್ಟ ಮಗುವಿಗೆ ೨೦೨೫ರಲ್ಲಿ ತೊಂಬತ್ತೈದು ವರ್ಷಗಳು.

ಗಾಯರಾಣಗಳ ವಿಷಯವೂ ಇದೇ ಬಗೆಯದು. ೨೦೧೧ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಜಗಪಾಲ ಸಿಂಗ ಎಂಬವರ ಮೊಕದ್ದಮೆಯಲ್ಲಿ ಊರೊಟ್ಟಿನ ಭೂಮಿಯ ಒತ್ತುವರಿಗಳನ್ನು ತೆರವು ಮಾಡಿಸಿ ಅದನ್ನು ಊರಿಗೆ ಹಿಂದಿರುಗಿಸಬೇಕೆಂದು ಎಲ್ಲ ರಾಜ್ಯಗಳಿಗೂ ಅಪ್ಪಣೆಮಾಡಿತು. ಆ ಮೊಕದ್ದಮೆಯ ಮೂಲ ಪಂಜಾಬಿನ ಒಂದು ಹಳ್ಳಿಯ ಕೊಳ. ೨೦೧೪ರಲ್ಲಿ ಕರ್ನಾಟಕವು ಕೆರೆಗಳ ಸಂರಕ್ಷಣೆಗೆಂದೇ ಒಂದು ಪ್ರಾಧಿಕಾರವನ್ನು ಕಾಯಿದೆಯ ಮೂಲಕ ನೇಮಿಸಿತು. ಅಪ್ಪಣೆಯೂ ಕಾಯಿದೆಯೂ ಇದ್ದಮಾತ್ರಕ್ಕೆ ಕೆರೆಯ ಅಂಗಳವು ತಾನಾಗಿ ಗೋಚರಿಸುವುದಿಲ್ಲ. ಹಳೆಯ ನೀರಿನ ಗುರುತು ಎಲ್ಲಿಯವರೆಗಿತ್ತು, ತೂಬು ಎಲ್ಲಿತ್ತು, ಕೋಡಿಯ ನೀರು ಯಾವ ಹಳ್ಳಕ್ಕೆ ಹೋಗುತ್ತಿತ್ತು ಎಂಬುದನ್ನು ಪಹಣಿಯೊಡನೆ ಊರಿನ ಹಿರಿಯರೂ ಹೇಳಬೇಕಾಗುವುದು.

ಕಾಗದಕ್ಕೆ ಬಂದುದರಿಂದ ಲಾಭವಾದ ಸಣ್ಣ ನಿದರ್ಶನವೊಂದು ಕಲಬುರಗಿಯಿಂದ ಬೀದರದ ದಾರಿಯಲ್ಲಿ ಸಿಕ್ಕುವ ಕಮಲಾಪುರದಲ್ಲಿದೆ. ಅಲ್ಲಿಯ ತೋಟಿಗರು ತಲೆಮಾರುಗಳಿಂದ ಕೆಂಪು ಸಿಪ್ಪೆಯ ಒಂದು ಬಾಳೆಯನ್ನು ಬೆಳೆಯುತ್ತ ಬಂದಿರುವರು. ಉಳಿದ ಬಾಳೆಗಳಿಗಿಂತ ಅದು ಫಲ ಕೊ

ಡಲು ಹೆಚ್ಚು ತಿಂಗಳುಗಳನ್ನು ತೆಗೆದುಕೊಳ್ಳುವುದು, ಗೊಬ್ಬರವನ್ನೂ ಹೆಚ್ಚಾಗಿ ಬೇಡುವುದು. ಲಾಭವನ್ನೇ ನೋಡುವವನು ಅದನ್ನು ಎಂದೋ ಬಿಡುತ್ತಿದ್ದನು. ಕಂದನ್ನು ಕಾದುಕೊಂಡು ಬಂದವರು ಆ ತೋಟಿಗರು. ೧೯೯೯ರ ಭೌಗೋಳಿಕ ಸೂಚಕಗಳ ಕಾಯಿದೆಯ ಮೇರೆಗೆ 'ಕಮಲಾಪುರದ ಕೆಂಪು ಬಾಳೆ' ಎಂಬ ಹೆಸರು ದಾಖಲಾಯಿತು. ದಾಖಲೆಯು ಹೆಸರನ್ನು ಕಾಯುವುದು. ಕಂದನ್ನು ಕಾಯುವ ಕೆಲಸವು ಈಗಲೂ ತೋಟಿಗರದೇ.

ಶರಣಬಸವೇಶ್ವರ ಸಂಸ್ಥಾನದ ವಿದ್ಯಾವರ್ಧಕ ಸಂಘವು ೧೯೩೪ರಲ್ಲಿ ದೊಡ್ಡಪ್ಪ ಅಪ್ಪನವರಿಂದ ಸ್ಥಾಪಿತವಾಯಿತು. ನಿಜಾಮರ ಆಳಿಕೆಯಲ್ಲಿ ಹೆಣ್ಣುಮಕ್ಕಳಿಗೆ ಓದು ದೊರೆಯಲೆಂಬುದು ಅದರ ಮೊದಲ ಕಾಳಜಿಗಳಲ್ಲೊಂದಾಗಿದ್ದಿತು. ಇಂದು ಅದೇ ಸಂಸ್ಥಾನದ ಹೆಸರಿನಲ್ಲಿ ವಿಶ್ವವಿದ್ಯಾಲಯವೂ ಇದೆ. ರಥೋತ್ಸವಕ್ಕೆ ಬರುವ ಜನರ ನಡುವೆ ವಿದ್ಯಾರ್ಥಿಗಳು ಬರೆಯುವ ಪುಸ್ತಕವನ್ನು ಹಿಡಿದು ಕುಳಿತರೆ ಐದೇ ದಿನಗಳಲ್ಲಿ ನೂರು ಹಳ್ಳಿಗಳ ವೃತ್ತಾಂತವು ಕೈಸೇರುವುದು. ಕೇಳಬೇಕಾದ ಪ್ರಶ್ನೆಗಳೂ ಕಠಿಣವಾದುವಲ್ಲ. ಊರಿನ ಗಾಯರಾಣವು ಎಲ್ಲಿಂದ ಎಲ್ಲಿಯವರೆಗಿತ್ತು? ಎಪ್ಪತ್ತೆರಡರ ಬರದಲ್ಲಿ ಯಾವ ಬಾವಿ ಬತ್ತಲಿಲ್ಲ? ಆ ಬಾವಿಯ ನೀರನ್ನು ಯಾರು ಸೇದಬಹುದಾಗಿತ್ತು, ಯಾರು ಸೇದುವಂತಿರಲಿಲ್ಲ? ಕೆರೆಯ ಹೂಳನ್ನು ಕೊನೆಯ ಸಲ ಊರವರೇ ಎತ್ತಿದುದು ಯಾವಾಗ? ಬೇಸಿಗೆಯಲ್ಲಿ ಹಕ್ಕಿಗೆ ನೀರಿಡುವ ಮಡಿಕೆಯನ್ನು ಮನೆಯಲ್ಲಿ ಯಾರು ತುಂಬುತ್ತಿದ್ದರು?